ಎರಡೂ ಗಂಡೇ ಇರಲಿ

ವಕೀಲನಾದವನು ಕೋರ್ಟಿನಲ್ಲಿ ಏನು ಬೇಕಾದರೂ ಹೇಳಬಹುದು. ತಪ್ಪಿದರೆ ತಿದ್ದಲು ಎದುರು ವಕೀಲನಿರುತ್ತಾನೆ, ನ್ಯಾಯಾಧೀಶರಿರುತ್ತಾರೆ, ಕೊನೆಗೆ ಮೇಲಿನ ಕೋರ್ಟಾದರೂ ಇರುತ್ತದೆ. ಮನೆಯಲ್ಲಿ ಆಡಿದ ಮಾತಿಗೆ ಇವು ಯಾವುವೂ ಇಲ್ಲ. ಊಟಕ್ಕೆ ಕೂತು ಮೊಸರನ್ನ ಕಲಸುತ್ತ ಕಲಸುತ್ತ ‘ಅದಕ್ಕೆ ನಾನು ಜವಾಬ್ದಾರ’ ಎಂದುಬಿಟ್ಟರೆ ಮುಗಿಯಿತು, ಆ ಮಾತಿಗೆ ಕಾಲಮಿತಿಯಿಲ್ಲ, ಮೇಲ್ಮನವಿಯಿಲ್ಲ, ವಾಯಿದೆಯಂತೂ ಸಿಗುವುದೇ ಇಲ್ಲ. ಇಪ್ಪತ್ತೇಳು ವರ್ಷ ಧಾರವಾಡದ ಕೋರ್ಟಿನಲ್ಲಿ ದಿವಾಣಿ ದಾವೆ ನಡೆಸಿದ ನನಗೆ ಈ ಸಣ್ಣ ಸಂಗತಿ ತಿಳಿದದ್ದು ಹೋದ ವರ್ಷ. ಅದನ್ನು ಕಲಿಸಿದ್ದು ನಿಂಬೆಹಣ್ಣಿನ ಗಾತ್ರದ ಹಕ್ಕಿಗಳು.

ಹಕ್ಕಿ ಬೇಕೆಂದವನು ನಾನೇ. ಡಾಕ್ಟರು ನನ್ನ ರಕ್ತದೊತ್ತಡ ನೋಡಿ, ದಿನಾ ಮುಂಜಾನೆ ತಿರುಗಾಡಿ ಎಂದಿದ್ದರು. ತಿರುಗಾಡುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಕೋರ್ಟಿನ ನಮ್ಮ ಬಾರ್ ರೂಮಿನಲ್ಲಿ ಯಾರೋ, ಮನೆಯಲ್ಲಿ ಪ್ರಾಣಿ ಸಾಕಿದರೂ ಒತ್ತಡ ಇಳಿಯುತ್ತದಂತೆ ಎಂದರು. ಕೂತಲ್ಲೇ ಆಗುವ ಚಿಕಿತ್ಸೆ, ನನಗೆ ಹಿಡಿಸಿತು. ನಾಯಿ ಎಂದೆ. ಬೊಗಳುವವರು ಮನೆಯಲ್ಲಿ ಆಗಲೇ ಒಬ್ಬರಿದ್ದಾರೆ ಎಂಬ ಉತ್ತರ ಬಂತು. ಮೀನು ಹಿಂದೊಮ್ಮೆ ತಂದಿದ್ದೆವು. ನಮ್ಮ ಕಡೆ ಬೀಗರಿಗೆ ಬಡಿಸುವ ಹಾಗೆ ‘ಇನ್ನೊಂದೀಟು, ಇನ್ನೊಂದೀಟು’ ಎಂದು ಹಾಕಿ ಹಾಕಿ ಎಂಟು ದಿನದಲ್ಲಿ ಎಲ್ಲವನ್ನೂ ತೇಲಿಸಿದ್ದೆವು. ಗಿಳಿ ಸಾಕುವುದು ಕಾನೂನಿಗೆ ವಿರುದ್ಧ, ವಕೀಲನ ಮನೆಯಲ್ಲಿ ಅದು ಚೆಂದವಲ್ಲ. ಹೀಗಿರುವಾಗ ಬೆಂಗೇರಿಯ ಮೌಲಾಸಾಬರು ಗಟಾರದ ಗೋಡೆಯ ತಕರಾರೊಂದನ್ನು ಹಿಡಿದು ನನ್ನ ಬಳಿ ಬಂದರು. ಮೋಟಾರು ರಿಪೇರಿ ಅವರ ಉದ್ಯೋಗ, ಹಕ್ಕಿ ಸಾಕುವುದು ಅವರ ಹುಚ್ಚು. ಗೋಡೆ ನೋಡಲು ಹೋದವನು ಅವರ ಹಿತ್ತಲಿನಲ್ಲಿ ಬಟನ್ ಲಾವಕ್ಕಿ ನೋಡಿದೆ. ಹೊಲದಲ್ಲಿ ಬುರ್ರೆಂದು ಏಳುವ ಕಾಡು ಲಾವಕ್ಕಿಯಲ್ಲ, ಪಂಜರದಲ್ಲೇ ಹುಟ್ಟಿ ಬೆಳೆದ ತಳಿ. ಗಂಡಿಗೆ ನೀಲಿ ಬೂದು ಮೈ, ಕತ್ತಿನ ಕೆಳಗೆ ಬಿಳಿ ಪಟ್ಟಿ. ನಾವು ವಕೀಲರು ಕಟ್ಟಿಕೊಳ್ಳುವ ಬ್ಯಾಂಡಿನ ಹಾಗೇ ಇತ್ತು. ಅದನ್ನು ನೋಡಿಯೇ ನಾನು ಅರ್ಧ ಸೋತೆ. ಕೊಂಬೆ ಬೇಡ, ಹಾರಾಟ ಬೇಡ, ನೆಲದ ಮೇಲೆ ತಲೆ ತಗ್ಗಿಸಿಕೊಂಡು ಓಡಾಡಿ ನವಣೆ ತಿಂದುಕೊಂಡಿರುತ್ತವೆ.

ಮನೆಯಲ್ಲಿ ವಿಷಯ ತೆಗೆದೆ. ದೇಶಪಾಂಡೆ ನಗರದ ನಮ್ಮ ಮನೆಯಲ್ಲಿ ಮೂರೇ ಜನ: ನಾನು, ನನ್ನ ಹೆಂಡತಿ ಸುಮಾ, ನನ್ನ ಅಬಚಿ. ಅಬಚಿ ಎಂದರೆ ತಾಯಿಯ ತಂಗಿ. ಎಪ್ಪತ್ತೆಂಟು ವರ್ಷ, ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು, ಮದುವೆಯಾಗಲಿಲ್ಲ. ಹನ್ನೊಂದನೆಯ ವಯಸ್ಸಿಗೆ ತಾಯಿ ಇಲ್ಲದಂತಾದ ನನ್ನನ್ನು ಓದಿಸಿ, ಬೈದು, ಕರಿ ಕೋಟು ಹಾಕಿಸಿದವಳು ಅವಳು. ಕೇಕಿನ ತುಂಡು ಬಂದರೂ ‘ಇದರಾಗ ತತ್ತಿ ಅದ ಏನು?’ ಎಂದು ವಿಚಾರಣೆ ನಡೆಸಿಯೇ ಒಳಗೆ ಬಿಡುವವಳು. ನಮ್ಮ ಹೊಸ್ತಿಲು ದಾಟಿ ತತ್ತಿ ಒಳಗೆ ಬಂದ ದಾಖಲೆಯಿಲ್ಲ. ಹಕ್ಕಿ ಎಂದ ಕೂಡಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ.

“ತತ್ತಿ ಇಡತಾವೇನು?”

ಇಂಥ ಪ್ರಶ್ನೆಗೆ ನಾನು ತಯಾರಾಗಿಯೇ ಇದ್ದೆ. ತತ್ತಿ ಇಡುವುದು ಹೆಣ್ಣು, ಆದ್ದರಿಂದ ಎರಡೂ ಗಂಡನ್ನೇ ತರುತ್ತೇನೆ, ಈ ಹಕ್ಕಿಗಳ ದೆಸೆಯಿಂದ ಮನೆಯಲ್ಲಿ ಒಂದು ತತ್ತಿ ಕಂಡರೂ ಅದಕ್ಕೆ ನಾನು ಜವಾಬ್ದಾರ ಎಂದೆ. ಇಷ್ಟು ಸರಳವಾದ ತೀರ್ಮಾನ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಸುಮಾ ಮಾತ್ರ ತಲೆಯೆತ್ತಿ, “ಎರಡೂ ಗಂಡೇನ್ರಿ?” ಎಂದು ಕೇಳಿ, ಮತ್ತೆ ತಾಟಿನ ಕಡೆ ನೋಡಿದಳು. ನನ್ನ ಹೆಂಡತಿ ಒಂದು ಮಾತನ್ನು ಒಂದೇ ಸಲ ಹೇಳಿ ಸುಮ್ಮನಾದರೆ ಅದು ಖರೆ ಇರುತ್ತದೆ ಎಂಬುದು ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ನನ್ನ ತಲೆಗೆ ಹೋಗಿಲ್ಲ.

ಬೆಂಗೇರಿಗೆ ಹೋಗಿ ಎರಡು ಗಂಡು ಕೊಡಿರೆಂದೆ. ಮೌಲಾಸಾಬರು ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ನನಗೆ ಫೋನ್ ಬಂತು. ಮಾತಾಡುತ್ತಲೇ ರಟ್ಟಿನ ಡಬ್ಬಿ ಎತ್ತಿಕೊಂಡು ಬಂದುಬಿಟ್ಟೆ. ಮನೆಯಲ್ಲಿ ಕಾನೂನು ಪುಸ್ತಕಗಳ ಹಳೆಯ ಗಾಜಿನ ಕಪಾಟು ಖಾಲಿ ಬಿದ್ದಿತ್ತು. ಈಗ ಪುಸ್ತಕಗಳೆಲ್ಲ ಮೊಬೈಲಿನಲ್ಲಿ ಇವೆಯಲ್ಲ. ಅದನ್ನು ಪಡಸಾಲೆಯ ದಿವಾನಿನ ಮೇಲೆ ಮಗ್ಗುಲಾಗಿ ಮಲಗಿಸಿ, ಅಡ್ಡ ಹಲಗೆ ಕಿತ್ತು, ಒಳಗೆ ಗೋಣಿತಟ್ಟು ಹಾಸಿದೆ. ಮೂಲೆಗೊಂದು ತಟ್ಟೆ ಉಸುಕು, ಬಚ್ಚಿಟ್ಟುಕೊಳ್ಳಲು ಒಡೆದ ಗಡಿಗೆಯ ಅರ್ಧ, ಒಂದಿಷ್ಟು ತೆಂಗಿನ ನಾರು. ನೀರಿನ ಬಟ್ಟಲಿನಲ್ಲಿ ಸಣ್ಣ ಕಲ್ಲು ಹಾಕಿಟ್ಟವಳು ಸುಮಾ, ಇಲ್ಲದಿದ್ದರೆ ಅಷ್ಟು ನೀರಿನಲ್ಲೂ ಅವು ಮುಳುಗಬಹುದಂತೆ. ಮೊದಲ ದಿನ ಕುಕ್ಕರ್ ಸೀಟಿ ಹೊಡೆದ ಕೂಡಲೆ ಎರಡೂ ಹಕ್ಕಿ ನಿಂತ ನಿಲುವಿನಲ್ಲೇ ನೆಟ್ಟಗೆ ಮೇಲಕ್ಕೆ ಚಿಮ್ಮಿ, ಕಪಾಟಿನ ಹಲಗೆಗೆ ತಲೆ ಬಡಿದುಕೊಂಡು ಬಿದ್ದವು. ಹೆದರಿದರೆ ಅವು ಮಾಡುವುದು ಹಾಗೆಯೇ. ಮೇಲಿನ ಹಲಗೆ ತೆಗೆಸಿ, ಅಬಚಿಯ ಹಳೆಯ ನೂಲಿನ ಸೀರೆಯನ್ನು ಮಾಳಿಗೆಯ ಹಾಗೆ ಬಿಗಿದೆವು. ಆಮೇಲೆ ಚಿಮ್ಮಿದರೂ ಪೆಟ್ಟಾಗುತ್ತಿರಲಿಲ್ಲ. ಹಕ್ಕಿಗಳಿಗೆ ವಾದಿ, ಪ್ರತಿವಾದಿ ಎಂದು ಹೆಸರಿಟ್ಟು, ಬಾರ್ ರೂಮಿನಲ್ಲಿ ಆ ಹೆಸರು ಹೇಳಿ ನಾಲ್ಕು ಜನರನ್ನು ನಗಿಸಿದೆ.

ಮೂರನೆಯ ದಿನ ಬಂದು ನೋಡಿದರೆ ಪ್ರತಿವಾದಿಯ ತಲೆಯ ಮೇಲೆ ಒಂದು ಪುಕ್ಕ ಉಳಿದಿರಲಿಲ್ಲ, ರಕ್ತ ಬಂದಿತ್ತು. ವಾದಿ ಅದನ್ನು ಮೂಲೆಗೆ ಒತ್ತಿ ಕುಕ್ಕುತ್ತಲೇ ಇದ್ದ. ರಟ್ಟು ನಿಲ್ಲಿಸಿ ಪಾಲು ಮಾಡಿಕೊಟ್ಟೆ. ಆಸ್ತಿ ಪಾಲು ಮಾಡಿಸಿ ಹೊಟ್ಟೆ ಹೊರೆಯುವವನು ನಾನು, ಆದರೆ ಈ ಪಾಲು ಎರಡೂ ಪಕ್ಷಕ್ಕೆ ಒಪ್ಪಿಗೆಯಾಗಲಿಲ್ಲ. ರಟ್ಟಿನ ಆಚೆ ಈಚೆ ನಿಂತು ದಿನವಿಡೀ ಜಗಳ. ಮರುದಿನ ವಾದಿಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಬೆಂಗೇರಿಗೆ ಹೋದೆ.

“ವಕೀಲ ಸಾಹೇಬ್ರ, ಅವತ್ತ ಅದನ್ನ ಹೇಳಾಕತ್ತಿದ್ನಿರಿ, ನೀವು ಫೋನ್ ಹಚ್ಚಿಕೊಂಡು ಹೊಂಟ ಹೋದ್ರಿ” ಎಂದರು ಮೌಲಾಸಾಬರು. “ಎರಡು ಗಂಡು ಒಂದ ಕಡೆ ಇರಂಗಿಲ್ರಿ. ಒಂದನ್ನ ಬಿಟ್ರ ಅದಕ್ಕ ಬ್ಯಾಸರಾಗತೈತಿ. ಒಂದು ಹೆಣ್ಣು ಒಯ್ರಿ, ತಣ್ಣಗ ಇರತಾವ.”

ಹೆಣ್ಣು ಸಾಧ್ಯವಿಲ್ಲ, ಮಾತು ಕೊಟ್ಟಿದ್ದೇನೆ ಎಂದೆ. ವಾದಿಯನ್ನು ಅಲ್ಲೇ ಬಿಟ್ಟು ಖಾಲಿ ಡಬ್ಬಿಯೊಂದಿಗೆ ಮನೆಗೆ ಬಂದೆ.

ಒಂಟಿಯಾದ ಪ್ರತಿವಾದಿಯ ತಲೆಯ ಗಾಯ ವಾಸಿಯಾಯಿತು, ಕೂಗು ಶುರುವಾಯಿತು. ಮೂರು ಬಾರಿ ಎಳೆದು ಎಳೆದು ಕೂಗುವುದು, ನಿಂತು ಕೇಳುವುದು, ಮತ್ತೆ ಕೂಗುವುದು. ಬೆಳಗಿನಿಂದ ಸಂಜೆಯವರೆಗೆ ಇದೇ. ತಿನ್ನುವುದು ಕಡಿಮೆ ಮಾಡಿತು. ಒಂದು ಎರಡನೆಯ ಶನಿವಾರ ನಾನು ಮನೆಯಲ್ಲಿದ್ದೆ. ಅಬಚಿ ಮಧ್ಯಾಹ್ನದ ಹೊತ್ತು ದಿವಾನಿನ ಪಕ್ಕ ಕುರ್ಚಿ ಹಾಕಿಕೊಂಡು, ಕೋಲನ್ನು ಒರಗಿಸಿಟ್ಟು, ದೇವರ ಮುಂದಿನ ದೀಪಕ್ಕೆ ಹತ್ತಿ ಬತ್ತಿ ಹೊಸೆಯುತ್ತಾಳೆ. ಪ್ರತಿವಾದಿ ತಟ್ಟೆಯಿಂದ ಒಂದು ಕಾಳು ಕೊಕ್ಕಿನಲ್ಲಿ ಹಿಡಿದು, ಅಬಚಿ ಕೂತ ಕಡೆಯ ಗಾಜಿನ ಹತ್ತಿರ ಓಡಿ ಬಂದು, ಕಾಳನ್ನು ನೆಲಕ್ಕಿಟ್ಟು, ಬೇರೆಯೇ ಒಂದು ಮೆಲುದನಿಯಲ್ಲಿ ಕರೆಯಿತು. ಸ್ವಲ್ಪ ಕಾಯಿತು. ಕಾಳನ್ನು ಎತ್ತಿ ಮತ್ತೆ ಇಟ್ಟು ತೋರಿಸಿತು. ಸುಮಾಳನ್ನು ಕೇಳಿದರೆ, ಅದು ಗಂಡು ತನ್ನ ಹೆಣ್ಣಿಗೆ ತಿನಿಸು ಕೊಡುವ ಪರಿ, ಒಳ್ಳೆಯ ಕಾಳು ಸಿಕ್ಕರೆ ತಾನು ತಿನ್ನುವುದಿಲ್ಲ ಎಂದಳು. ಅಬಚಿ ಬತ್ತಿ ಹೊಸೆಯುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದಳು. ಒಂದು ಸಣ್ಣ ಜೀವಕ್ಕೆ ನಾನು ಮಾಡಿದ್ದು ಅನ್ಯಾಯ ಎಂದು ಆ ಕ್ಷಣಕ್ಕೆ ಸ್ಪಷ್ಟವಾಗಿ ಅನಿಸಿತು.

ಆಗ ನಾನು ಮಾಡಬೇಕಾದ್ದು ಒಂದೇ ಇತ್ತು. ‘ಅಬಚಿ, ನಾನು ತಪ್ಪು ಮಾತು ಕೊಟ್ಟೆ, ಬಿಡುಗಡೆ ಮಾಡು’ ಎಂದು ಕೇಳುವುದು. ಅದು ಆಗಲಿಲ್ಲ. ಊರೆಲ್ಲ ನನ್ನನ್ನು ಸುಳ್ಳುಗಾರ ಎಂದರೂ ನಡೆಯುತ್ತದೆ, ವೃತ್ತಿಗೆ ಅದು ಒಂದು ಮಟ್ಟಿಗೆ ಜಾಹೀರಾತೇ. ಅಬಚಿಯ ಕಣ್ಣಲ್ಲಿ ಮಾತು ತಪ್ಪಿದವನಾಗುವುದು ಮಾತ್ರ ನನಗೆ ಬೇಡವಾಗಿತ್ತು. ಮಾತು ತಪ್ಪಬಾರದೆಂದು ನಾನು ಹಿಡಿದ ದಾರಿ ನೋಡಿ: ಸೋಮವಾರ ಸಂಜೆ ಬೆಂಗೇರಿಗೆ ಹೋಗಿ ಒಂದು ಹೆಣ್ಣು ತಂದು, ಇದೂ ಗಂಡೇ, ಬೇರೆ ಬಣ್ಣದ್ದು ಎಂದು ಸುಳ್ಳು ಹೇಳಿದೆ. ಬ್ಯಾಂಡಿಲ್ಲದ ಕಂದು ಬಣ್ಣದ ಹಕ್ಕಿ. ಅಬಚಿ ಕನ್ನಡಕದ ಮೇಲಿಂದ ಹಕ್ಕಿಯನ್ನು ನೋಡಿ, ನನ್ನನ್ನು ನೋಡಿ, “ಹೌದೇನು? ಛಲೋ ಆತು” ಎಂದಳು. ಸುಮಾ ಒಳಗೆ ಕರೆದು, ತಾನು ಕಾಲೇಜಿನಲ್ಲಿ ಕಲಿಸುವುದು ಇದನ್ನೇ, ಯಾರಾದರೂ ಕೇಳಿದರೆ ಸುಳ್ಳು ಹೇಳುವುದಿಲ್ಲ, ಕೇಳದಿದ್ದರೆ ಸುಮ್ಮನಿರುತ್ತೇನೆ ಎಂದಳು. ಅಷ್ಟು ಸಾಕು ಎಂದೆ. ಹೊಸ ಹಕ್ಕಿಗೆ ಸಾಕ್ಷಿ ಎಂದು ಹೆಸರಿಟ್ಟೆ. ಪ್ರತಿವಾದಿಯ ಕೂಗು ಅವತ್ತೇ ನಿಂತಿತು. ಕಾಳು ಹೆಕ್ಕಿ ಹೆಕ್ಕಿ ಅವಳ ಮುಂದೆ ಇಡುವುದೇ ಅದಕ್ಕೆ ಕೆಲಸವಾಯಿತು.

ಹತ್ತು ದಿನಕ್ಕೆ ತತ್ತಿ ಬಂತು. ಬೆಳಗ್ಗೆ ನೀರು ಬದಲಿಸಲು ಕೈ ಹಾಕಿದರೆ ಗಡಿಗೆಯ ಮರೆಯಲ್ಲಿ, ನಾರಿನ ಕೆಳಗೆ, ಅಡಿಕೆಗಿಂತ ತುಸು ದೊಡ್ಡದಾದ ಹಸಿರುಗಂದು ತತ್ತಿ. ಜನ್ಮದಲ್ಲಿ ಮೊದಲ ಬಾರಿ ತತ್ತಿ ಮುಟ್ಟಿದೆ. ಇನ್ನೂ ಅಬಚಿ ಎದ್ದಿರಲಿಲ್ಲ, ಕೋಳಿಯ ಹಾಗೆ ಇವೂ ನಸುಕಿನಲ್ಲೇ ಇಡುತ್ತವೆ, ನನ್ನ ದೈವ ದೊಡ್ಡದು ಎಂದುಕೊಂಡು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಅಲ್ಲಿಂದ ಮುಂದೆ ದಿನಕ್ಕೊಂದು. ದಿನಾ ಸಾಕ್ಷಿ ಅದನ್ನು ನಾರಿನಿಂದ ಅಚ್ಚುಕಟ್ಟಾಗಿ ಮುಚ್ಚಿಟ್ಟಿರುತ್ತಿದ್ದಳು. ಪಂಜರದಲ್ಲಿ ಹುಟ್ಟಿದ ಹಕ್ಕಿಗೂ ಕಾಡಿನ ಬುದ್ಧಿ ಹೋಗಿಲ್ಲ ನೋಡಿ ಎಂದು ನಾನು ಬಾರ್ ರೂಮಿನಲ್ಲಿ ಉಪನ್ಯಾಸವನ್ನೇ ಕೊಟ್ಟೆ. ಕೋರ್ಟು ಪಕ್ಕದೂರಿನಲ್ಲಿ; ತತ್ತಿ ನನ್ನ ಜೊತೆ ಧಾರವಾಡದ ಬಸ್ಸು ಹತ್ತುತ್ತಿತ್ತು. ಕೋರ್ಟಿನ ಹಿಂದಿನ ಬೇವಿನ ಮರದ ಬುಡದಲ್ಲಿ ಅದನ್ನು ಇಟ್ಟು ಬರುತ್ತಿದ್ದೆ. ನಾಲ್ಕನೆಯ ದಿನದಿಂದ ಒಂದು ಕಾಗೆ ಅಲ್ಲಿ ಕಾಯತೊಡಗಿತು. ಕರೆದ ಹೊತ್ತಿಗೆ ಸರಿಯಾಗಿ ಹಾಜರಾದ ಕಕ್ಷಿದಾರನನ್ನು ನಾನು ಕಂಡದ್ದು ಅದೊಂದನ್ನೇ. ಒಂದು ದಿನ ದಾರಿಯಲ್ಲಿ ಉಣಕಲ್ಲಿನಲ್ಲಿ ಬಸ್ಸು ಹತ್ತಿದ ಒಬ್ಬ ಧಡೂತಿ ಮನುಷ್ಯನ ಮೊಣಕೈ ನನ್ನ ಎದೆಗೆ ಬಡಿದು, ಜೇಬು ಹಸಿಯಾಯಿತು. ಆ ದಿನವೆಲ್ಲ ಸೆಕೆಯಲ್ಲೂ ಕರಿ ಕೋಟು ಬಿಚ್ಚದೆ ವಾದ ಮಾಡಿದೆ. ರವಿವಾರ ಕೋರ್ಟಿಲ್ಲವಾದ್ದರಿಂದ, ತಿರುಗಾಡಿ ಬರುತ್ತೇನೆಂದು ಹೊರಡುತ್ತಿದ್ದೆ. ಕೊನೆಗೂ ಬುದ್ಧಿ ಬಂತೆಂದು ಮನೆಯವರಿಗೆ ಸಂತೋಷ. ರಕ್ತದೊತ್ತಡ ಇಳಿದದ್ದೂ ನಿಜ, ಹಕ್ಕಿಯಿಂದಲೋ ಕಳ್ಳ ನಡಿಗೆಯಿಂದಲೋ ಗೊತ್ತಿಲ್ಲ.

ಒಳಗೊಳಗೇ ನಾನು ವಾದವನ್ನೂ ತಯಾರು ಮಾಡಿಟ್ಟುಕೊಂಡಿದ್ದೆ. ಸಿಕ್ಕಿಬಿದ್ದರೆ ಬೇಕಲ್ಲ. ಮನೆಯ ಕಟ್ಟಳೆ, ತತ್ತಿ ಹೊಸ್ತಿಲು ದಾಟಿ ಒಳಗೆ ಬರಬಾರದು ಎಂದು. ಈ ತತ್ತಿ ಹೊರಗಿನಿಂದ ಬಂದದ್ದಲ್ಲ, ಒಳಗೇ ಆದದ್ದು. ಹೊಸ್ತಿಲು ದಾಟಿದ್ದು ಹೌದು, ಆದರೆ ಹೊರಗೆ ಹೋಗುವಾಗ. ಕಟ್ಟಳೆ ಹೊರಗೆ ಹೋಗುವುದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೈಕೋರ್ಟಿನಲ್ಲೂ ನಿಲ್ಲುವ ವಾದ ಎಂದು ನನಗೆ ಧೈರ್ಯವಿತ್ತು. ಆದರೂ ಸಂಜೆ ಏಳಕ್ಕೆ ಮನೆಗೆ ಬಂದು, ಹಿತ್ತಲ ನಲ್ಲಿಯ ಹತ್ತಿರ ತೊಳೆದಿಟ್ಟ ಅಬಚಿಯ ಕೋಲನ್ನು ನೋಡಿ, ಅವಳು ಕೊಟ್ಟ ಚಹಾ ಕುಡಿಯುವಾಗ, ನನಗೆ ಅವಳ ಮುಖ ನೋಡಲು ಆಗುತ್ತಿರಲಿಲ್ಲ.

ಹತ್ತೊಂಬತ್ತು ತತ್ತಿ ಹೀಗೆ ಸಾಗಿಸಿದ ಮೇಲೆ ನನಗೆ ಜ್ವರ ಬಂತು. ಎಂಟು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಜ್ವರದ ಭರದಲ್ಲಿ ‘ಸಾಕ್ಷಿ, ಸಾಕ್ಷಿ’ ಎಂದು ಬಡಬಡಿಸಿದೆನಂತೆ. ನೋಡಲು ಬಂದ ನನ್ನ ಜೂನಿಯರು, ಸಾಹೇಬರಿಗೆ ಕೆಲಸದ ಮೇಲೆ ಎಷ್ಟು ನಿಷ್ಠೆ ಎಂದು ಕಣ್ಣೊರೆಸಿಕೊಂಡನಂತೆ. ಒಂಬತ್ತನೆಯ ದಿನ ಗೋಡೆ ಹಿಡಿದುಕೊಂಡು ಪಡಸಾಲೆಗೆ ಬಂದೆ. ಅಬಚಿ ಕಪಾಟಿನ ಮುಂದೆ ಕೂತಿದ್ದಳು. ನನ್ನನ್ನು ನೋಡಿ ಕೈಯೆತ್ತಿ ತಡೆದಳು.

“ಸಾವಕಾಶ ಬಾ. ಕಾವು ಕೂತದ.”

ಗಡಿಗೆಯ ಮರೆಯಲ್ಲಿ ಸಾಕ್ಷಿ ಮೈಯುಬ್ಬಿಸಿ ಕೂತಿದ್ದಳು, ಪಕ್ಕದಲ್ಲಿ ಪ್ರತಿವಾದಿ ಕಾವಲು. ಅವಳ ಕೆಳಗೆ ಏಳು ತತ್ತಿ ಎಂದು ಅಬಚಿಯೇ ಲೆಕ್ಕ ಹೇಳಿದಳು. ಎಲ್ಲಿಂದ ಬಂತು, ಗಂಡು ಹೇಗೆ ತತ್ತಿ ಇಟ್ಟಿತು, ಒಂದನ್ನೂ ಕೇಳಲಿಲ್ಲ. ಪಂಜರದ ಲಾವಕ್ಕಿ ಕಾವಿಗೆ ಕೂರುವುದೇ ಅಪರೂಪ, ಒಂದು ಸಲ ಬೆದರಿ ಎದ್ದರೆ ಮತ್ತೆ ಕೂರುವುದಿಲ್ಲ ಎಂದು ಸುಮಾ ಹೇಳಿದ್ದಳಂತೆ. ಅಬಚಿ ಮನೆಯನ್ನು ಶಾಲೆಯಂತೆ ನಡೆಸತೊಡಗಿದಳು. ಕುಕ್ಕರ್ ಬಂದ್, ಅನ್ನ ತಪ್ಪೇಲಿಯಲ್ಲಿ. ಮಿಕ್ಸರ್ ಬಂದ್, ಚಟ್ನಿ ಒರಳಿನಲ್ಲಿ, ಅದೂ ಹಿತ್ತಲಿನಲ್ಲಿ. ಶ್ರಾವಣ ಶುಕ್ರವಾರದ ಅರಿಶಿನ ಕುಂಕುಮಕ್ಕೆ ಬಂದ ಹೆಣ್ಣುಮಕ್ಕಳನ್ನೆಲ್ಲ ಅಂಗಳದಲ್ಲೇ ಕೂರಿಸಿ, ಒಳಗೆ ಬಾಣಂತನ ನಡೆದಿದೆ ಎಂದು ಹೇಳಿ ಕಳಿಸಿದಳು. ಮದುವೆಯಾಗಿ ಗದಗಿನಲ್ಲಿರುವ ನನ್ನ ಮಗಳು ಗಾಬರಿಯಿಂದ ಫೋನ್ ಮಾಡಿ, ಬಾಣಂತಿ ಯಾರು ಎಂದು ಕೇಳಿದಳು.

ನನಗೆ ಆ ಹದಿನಾರು ದಿನ ಜ್ವರಕ್ಕಿಂತ ಕಷ್ಟದವು. ಬೈದಿದ್ದರೆ ಆಗುತ್ತಿತ್ತು. ಒಮ್ಮೆ ಬಾಯಿಬಿಟ್ಟು ಕೇಳಿದ್ದರೆ ನನ್ನ ಹೊಸ್ತಿಲಿನ ವಾದವನ್ನಾದರೂ ಮಂಡಿಸುತ್ತಿದ್ದೆ. ಎರಡು ಸಲ ನಾನೇ “ಅಬಚಿ, ಆ ತತ್ತಿ ವಿಷಯ...” ಎಂದು ಶುರು ಮಾಡಿದೆ. ಎರಡು ಸಲವೂ ತುಟಿಯ ಮೇಲೆ ಬೆರಳಿಟ್ಟು ಹಕ್ಕಿಯ ಕಡೆ ತೋರಿಸಿದಳು. ತೀರ್ಪು ಕಾಯ್ದಿರಿಸಿದ ಕೋರ್ಟಿನ ಮುಂದೆ ಕಕ್ಷಿದಾರರು ಯಾಕೆ ಸೊರಗುತ್ತಾರೆಂದು ಅವತ್ತು ತಿಳಿಯಿತು.

ಹದಿನೇಳನೆಯ ದಿನ ಮಧ್ಯಾಹ್ನ ಏಳರಲ್ಲಿ ನಾಲ್ಕು ಒಡೆದವು. ಮರಿಗಳು ಹೆಬ್ಬೆರಳಿನ ತುದಿಯಷ್ಟಿದ್ದವು, ಹುಟ್ಟಿದ ಒಂದೆರಡು ತಾಸಿನಲ್ಲೇ ಓಡಾಡತೊಡಗಿದವು. ಉಳಿದ ಮೂರನ್ನು ಎರಡು ದಿನ ಕಾದು ತೆಗೆದೆವು. ಮರಿಯಾದ ದಿನವೇ ಸಂಜೆ ಧೈರ್ಯ ಮಾಡಿ ಅಬಚಿಯ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ವಾದ ಮರೆತೇ ಹೋಗಿತ್ತು. ಗೊತ್ತಿದ್ದೂ ಹೆಣ್ಣು ತಂದೆ, ಗಂಡೆಂದು ಸುಳ್ಳು ಹೇಳಿದೆ, ಹತ್ತೊಂಬತ್ತು ತತ್ತಿ ಕದ್ದು ಒಯ್ದೆ, ಸಾಕ್ಷಿ ಬಡಪಾಯಿ ದಿನಾ ನಾರು ಮುಚ್ಚಿ ಮುಚ್ಚಿ ಇಟ್ಟರೂ ಬಿಡಲಿಲ್ಲ ಎಂದೆ. ಅಬಚಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

“ರಾಘು, ಅದು ಮುಂಜಾನೆ ಇಡತಿದ್ದಿಲ್ಲೋ. ಸಂಜಿ ಐದಕ್ಕ ಇಡತಿತ್ತು, ನನ್ನ ಕಣ್ಣ ಮುಂದ. ನೀ ಬರೂದು ಏಳಕ್ಕ.”

ಮತ್ತೆ ದಿನಾ ನಾರಿನ ಕೆಳಗೆ ಮುಚ್ಚಿಟ್ಟಿರುತ್ತಿತ್ತಲ್ಲ ಎಂದೆ.

“ಹಕ್ಕಿ ಎಲ್ಲಿ ನಾರು ಮುಚ್ಚತದ? ಇಟ್ಟು ಎದ್ದು ಹೋಗತಿತ್ತು. ಕೆಲಸದಾಕಿ ಸಂಜಿ ಆರಕ್ಕ ಬರತಾಳ, ನೋಡಿದ್ರ ಓಣಿ ತುಂಬ ಹೇಳತಾಳ, ಜೋಶಿ ವಕೀಲ್ರು ಮನ್ಯಾಗ ತತ್ತಿ ಮಾಡಿಸತಾರ ಅಂತ. ಅದಕ್ಕ ನಾನ ಮುಚ್ಚತಿದ್ದೆ. ಕೈಲೆ ಅಲ್ಲ, ಕೋಲಿಲೆ. ಆಮ್ಯಾಲೆ ಕೋಲು ತೊಳದು ಇಡತಿದ್ದೆ.”

ಹಾಗಾದರೆ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನೀನ ಹೇಳತಿ ಅಂತ ಕಾಯ್ದೆ” ಎಂದಳು ಅಬಚಿ. “ದಿನಾ ಸಂಜಿ ಚಹಾ ಕೊಡೂ ಮುಂದ, ಇವತ್ತ ಹೇಳತಾನ ಅಂತ ಅನ್ನಕೋತಿದ್ದೆ.” ಆಮೇಲೆ ಕೋಲು ಹಿಡಿದು ಎದ್ದು, ಮರಿಗಳಿಗೆ ನವಣೆ ದಪ್ಪವಾಗುತ್ತದೆ, ಕುಟ್ಟಿ ಹಾಕಬೇಕು ಎನ್ನುತ್ತ ಅಡುಗೆಮನೆಗೆ ಹೋದಳು.

ಮರುದಿನ ಕೋರ್ಟಿನಲ್ಲಿ ಮುಗದ ಎಂಬ ಹಳ್ಳಿಯ ಹೊಲದ ಬದುವಿನ ದಾವೆ ಇತ್ತು. ನನ್ನ ಕಕ್ಷಿದಾರ ರಾತ್ರೋರಾತ್ರಿ ಗಡಿಕಲ್ಲು ಸರಿಸಿದನೆಂದು ಎದುರು ಪಕ್ಷದ ಆರೋಪ, ಅದನ್ನು ಕಂಡೆನೆಂದು ಹೇಳಲು ಎಪ್ಪತ್ತೈದು ದಾಟಿದ ಅಜ್ಜಿಯೊಬ್ಬಳು ಕಟಕಟೆ ಹತ್ತಿದ್ದಳು. ಆಕೆಗೆ ಕಣ್ಣು ಕಾಣುವುದಿಲ್ಲ ಎಂದು ಸಾಧಿಸಲು ನಾನು ಇಪ್ಪತ್ತೆರಡು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಎದ್ದು ನಿಂತೆ. ಅಜ್ಜಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ನಾನು ಪಾಟೀಸವಾಲು ಇಲ್ಲವೆಂದು ಹೇಳಿ ಕೂತುಬಿಟ್ಟೆ. ಕಕ್ಷಿದಾರ ನನ್ನ ಮೇಲೆ ಇನ್ನೂ ಸಿಟ್ಟಿನಲ್ಲಿದ್ದಾನೆ; ವಕೀಲರಿಗೆ ಜ್ವರದ ಮೇಲೆ ಮಂಪರು ಹಿಡಿದಿದೆ ಎಂದು ಕಂಡಕಂಡವರಿಗೆ ಹೇಳುತ್ತಿದ್ದಾನಂತೆ.